ಕ್ರಿಯಾಪದವನ್ನು ಅದರ ಕರ್ಮದ ಜೊತೆಗೇ ಮುದ್ರಿಸಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಂತೆ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ ಇಂಗ್ಲಿಷ್ ಪದಗಳ ಪಟ್ಟಿಗಳು ಬರುತ್ತವೆ. ಎಡಕ್ಕೆ ಇಂಗ್ಲಿಷ್ ಕ್ರಿಯಾಪದ, ಬಲಕ್ಕೆ ಕನ್ನಡ ಅರ್ಥ. ಕನ್ನಡ ಮಾಧ್ಯಮದ ಮಕ್ಕಳು ಇವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ. ‘ಎಕ್ಸ್‌ಪ್ಲೇನ್’ ಎಂದರೆ ವಿವರಿಸು ಎಂದು ಕಲಿತ ಹುಡುಗಿ ಮರುದಿನ ‘ಎಕ್ಸ್‌ಪ್ಲೇನ್ ಮಿ ದಿ ಲೆಸನ್’ ಎಂದು ಬರೆಯುತ್ತಾಳೆ. ಅರ್ಥ ಸರಿ, ವಾಕ್ಯ ತಪ್ಪು. ಯಾಕೆಂದರೆ ಆ ಕ್ರಿಯಾಪದ ತನ್ನ ನಂತರ ಏನನ್ನು ಕೇಳುತ್ತದೆ, ಎಷ್ಟು ಕರ್ಮಗಳನ್ನು (‘ಆಬ್ಜೆಕ್ಟ್’) ಒಪ್ಪುತ್ತದೆ, ನಡುವೆ ‘ಟು’ ಬೇಕೋ ಬೇಡವೋ ಎಂಬುದು ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಮಕ್ಕಳ ಇಂಗ್ಲಿಷ್ ವಾಕ್ಯಗಳು ಮುಗ್ಗರಿಸುವ ಜಾಗಗಳಲ್ಲಿ ಇದು ಬಹಳ ದೊಡ್ಡದು. ಇದಕ್ಕೆ ಬೇಕಾದ ಅರ್ಧ ತಿಳಿವಳಿಕೆ ಕನ್ನಡ ವ್ಯಾಕರಣದ ಮೂಲಕ ಮಕ್ಕಳಲ್ಲಿ ಆಗಲೇ ಇದೆ. ಅದನ್ನು ಹೇಗೆ ಬಳಸಬಹುದು, ಅದು ಎಲ್ಲಿ ಕೈಕೊಡುತ್ತದೆ ಎಂದು ಶಿಕ್ಷಕರ, ಪೋಷಕರ ಮತ್ತು ತಮ್ಮ ಪುಟ ರೂಪಿಸುವವರ ಗಮನಕ್ಕೆ ತರಲು ಈ ಪತ್ರ.

ಸಕರ್ಮಕ, ಅಕರ್ಮಕ ಎಂಬ ಮಾತು ಮಕ್ಕಳಿಗೆ ಹೊಸದಲ್ಲ. ‘ರಾಮನು ಮರವನ್ನು ಕಡಿದನು’ ಎಂಬಲ್ಲಿ ‘ಏನನ್ನು ಕಡಿದನು?’ ಎಂದು ಕೇಳಿದರೆ ಉತ್ತರ ಸಿಗುತ್ತದೆ, ಆದ್ದರಿಂದ ಸಕರ್ಮಕ. ‘ಮಗು ಮಲಗಿತು’ ಎಂಬಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ, ಆದ್ದರಿಂದ ಅಕರ್ಮಕ. ಇದೇ ಪ್ರಶ್ನೆಯನ್ನು ಇಂಗ್ಲಿಷ್ ಕ್ರಿಯಾಪದಕ್ಕೂ ಹಾಕಿಸಿ. ಆದರೆ ಒಂದು ಎಚ್ಚರ: ‘ಏನು?’ ಎಂದು ಕೇಳಿಸಬಾರದು, ‘ಏನನ್ನು? ಯಾರನ್ನು?’ ಎಂದೇ ಕೇಳಿಸಬೇಕು. ಮಾತಿನಲ್ಲಿ ನಾವು ‘ಪುಸ್ತಕ ಓದಿದೆ’ ಎಂದು ‘ಅನ್ನು’ ಬಿಟ್ಟೇ ಹೇಳುತ್ತೇವೆ. ಹಾಗಾಗಿ ಮಕ್ಕಳು ‘ಏನು ಒಡೆಯಿತು?’ ಎಂಬ ಪ್ರಶ್ನೆಗೆ ಬರುವ ಉತ್ತರವನ್ನೂ ಕರ್ಮವೆಂದು ಗುರುತಿಸಿಬಿಡುತ್ತಾರೆ. ಅದು ಕರ್ತೃ. ‘ಎಷ್ಟು?’ ಎಂಬುದಕ್ಕೆ ಬರುವ ಉತ್ತರವೂ ಕರ್ಮವಲ್ಲ. ‘ಇಟ್ ವೇಯ್ಸ್ ಟೆನ್ ಕೆಜಿ’, ‘ಇಟ್ ಕಾಸ್ಟ್ಸ್ ಫಿಫ್ಟಿ ರುಪೀಸ್’, ‘ಹಿ ಸ್ಲೆಪ್ಟ್ ಸಿಕ್ಸ್ ಅವರ್ಸ್’ ಎಂಬಲ್ಲಿ ಕ್ರಿಯಾಪದದ ನಂತರವೇ ನಾಮಪದ ಕುಳಿತಿದ್ದರೂ ಅದು ಅಳತೆ ಮಾತ್ರ. ಈ ವಾಕ್ಯಗಳನ್ನು ಕರ್ಮಣಿ ಪ್ರಯೋಗಕ್ಕೆ (‘ಪ್ಯಾಸಿವ್ ವಾಯ್ಸ್’) ತಿರುಗಿಸಲು ಹೋದ ವಿದ್ಯಾರ್ಥಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾನೆ.

ಕನ್ನಡದಲ್ಲಿ ಕರ್ಮವನ್ನು ಪ್ರತ್ಯಯ ತೋರಿಸುತ್ತದೆ, ಇಂಗ್ಲಿಷಿನಲ್ಲಿ ಜಾಗ ತೋರಿಸುತ್ತದೆ. ‘ಹುಲಿಯನ್ನು ಬೇಟೆಗಾರ ಕೊಂದ’, ‘ಬೇಟೆಗಾರ ಹುಲಿಯನ್ನು ಕೊಂದ’ ಎರಡರಲ್ಲೂ ಸತ್ತದ್ದು ಹುಲಿಯೇ. ಇಂಗ್ಲಿಷಿನಲ್ಲಿ ಪದಗಳನ್ನು ಅದಲುಬದಲು ಮಾಡಿದರೆ ಬೇಟೆಗಾರನೇ ಸಾಯುತ್ತಾನೆ. ಇಂಗ್ಲಿಷಿನಲ್ಲಿ ರೂಪ ಬದಲಿಸುವುದು ಸರ್ವನಾಮಗಳು ಮಾತ್ರ: ಮಿ, ಹಿಮ್, ಹರ್, ಅಸ್, ದೆಮ್, ಪ್ರಶ್ನೆಗೆ ಹೂಮ್. ‘ಯೂ’ ಮತ್ತು ‘ಇಟ್’ ಅದಕ್ಕೂ ಒಪ್ಪುವುದಿಲ್ಲ, ಎಲ್ಲಿ ಕೂತರೂ ಹಾಗೆಯೇ ಇರುತ್ತವೆ. ಕನ್ನಡದ ‘ಅವನನ್ನು’, ‘ಅವನಿಗೆ’ ಎರಡಕ್ಕೂ ಅಲ್ಲಿ ಒಂದೇ ‘ಹಿಮ್’. ಜಾಗವೇ ಗುರುತಾದ್ದರಿಂದ ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಬೇರೆ ಪದ ನುಗ್ಗಿಸುವುದನ್ನು ಇಂಗ್ಲಿಷ್ ಸಾಮಾನ್ಯವಾಗಿ ಸಹಿಸುವುದಿಲ್ಲ. ‘ಅವನು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾನೆ’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಹಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎಂದು ಬರೆಯುತ್ತಾರೆ. ಮೊದಲು ಕರ್ಮ, ಆಮೇಲೆ ಹೇಗೆ, ಎಲ್ಲಿ, ಯಾವಾಗ: ‘ಹಿ ಸ್ಪೀಕ್ಸ್ ಇಂಗ್ಲಿಷ್ ವೆಲ್’.

ಇನ್ನು ‘ಗೆ’ ಮತ್ತು ‘ಅನ್ನು’ ಪ್ರತ್ಯಯಗಳ ವಿಚಾರ. ಮಕ್ಕಳು ಅರಿವಿಲ್ಲದೆಯೇ ‘ಗೆ’ ಇದ್ದಲ್ಲಿ ‘ಟು’ ಹಾಕುತ್ತಾರೆ, ‘ಅನ್ನು’ ಇದ್ದಲ್ಲಿ ಏನೂ ಹಾಕುವುದಿಲ್ಲ. ಬಹಳ ಸಲ ಇದು ಸರಿಹೋಗುತ್ತದೆ. ಸರಿಹೋಗದ ಕ್ರಿಯಾಪದಗಳನ್ನು ಮಾತ್ರ ಎರಡು ಗುಂಪು ಮಾಡಿ ಗೋಡೆಗೆ ಹಚ್ಚಬೇಕು. ಮೊದಲ ಗುಂಪು, ಕನ್ನಡದಲ್ಲಿ ‘ಗೆ’ ಇದ್ದರೂ ಇಂಗ್ಲಿಷಿನಲ್ಲಿ ನೇರ ಕರ್ಮ ಬೇಡುವವು. ‘ಮೇಷ್ಟ್ರಿಗೆ ಕೇಳಿದೆ’ ಎಂಬುದು ‘ಐ ಆಸ್ಕ್ಡ್ ಟು ದಿ ಟೀಚರ್’ ಆಗುತ್ತದೆ. ‘ಬಸ್ಸು ಹಾಸನಕ್ಕೆ ತಲುಪಿತು’ ಎಂಬುದು ‘ರೀಚ್ಡ್ ಟು ಹಾಸನ’ ಆಗುತ್ತದೆ. ಎರಡರಲ್ಲೂ ‘ಟು’ ಬೇಡ. ಟೆಲ್, ಆನ್ಸರ್, ಫೋನ್, ಅಟೆಂಡ್ ಇವೂ ಇದೇ ಸಾಲಿನವು. ‘ಅವಳೊಂದಿಗೆ ಮದುವೆಯಾದ’ ಎಂಬ ಮಾತಿನಿಂದ ‘ಮ್ಯಾರೀಡ್ ವಿತ್ ಹರ್’ ಎಂಬ ತಪ್ಪು ಹುಟ್ಟುವುದೂ ಹೀಗೆಯೇ. ಎರಡನೆಯ ಗುಂಪು ಇದರ ತಿರುಗಾಮುರುಗಾ: ಕನ್ನಡದಲ್ಲಿ ‘ಅನ್ನು’, ಇಂಗ್ಲಿಷಿನಲ್ಲಿ ನಡುವೆ ಒಂದು ಸಣ್ಣ ಪದ. ಹಾಡನ್ನು ಕೇಳು ಎಂದರೆ ‘ಲಿಸನ್ ಟು’, ಬಸ್ಸನ್ನು ಕಾಯಿ ಎಂದರೆ ‘ವೇಟ್ ಫಾರ್’, ಚಿತ್ರವನ್ನು ನೋಡು ಎಂದರೆ ‘ಲುಕ್ ಅಟ್’, ಕಳೆದದ್ದನ್ನು ಹುಡುಕು ಎಂದರೆ ‘ಲುಕ್ ಫಾರ್’. ‘ಐ ಆಮ್ ವೇಟಿಂಗ್ ಯೂ’ ಎಂದು ಬರುವುದು ಇದೇ ಕಾರಣಕ್ಕೆ.

ಕನ್ನಡಕ್ಕೆ ಸಂಬಂಧವೇ ಇಲ್ಲದ ಒಂದು ತಪ್ಪೂ ಇದೆ. ಅದನ್ನು ನಮ್ಮ ಕಚೇರಿ ಪತ್ರಗಳಲ್ಲಿ, ಕಾಲೇಜು ಸುತ್ತೋಲೆಗಳಲ್ಲಿ ನಿತ್ಯ ಕಾಣಬಹುದು: ‘ಡಿಸ್ಕಸ್ಡ್ ಅಬೌಟ್’, ‘ರಿಕ್ವೆಸ್ಟೆಡ್ ಫಾರ್’, ‘ಆರ್ಡರ್ಡ್ ಫಾರ್’, ‘ಎಂಫಸೈಜ್ಡ್ ಆನ್’, ‘ಎಂಟರ್ಡ್ ಇಂಟು ದಿ ರೂಮ್’. ಕಾರಣ, ಇವುಗಳ ನಾಮಪದ ರೂಪಕ್ಕೆ ಆ ಸಣ್ಣ ಪದ ನಿಜವಾಗಿಯೂ ಬೇಕು. ‘ಎ ಡಿಸ್ಕಷನ್ ಅಬೌಟ್ ಫೀಸ್’, ‘ಎ ರಿಕ್ವೆಸ್ಟ್ ಫಾರ್ ಲೀವ್’, ‘ಆನ್ ಆರ್ಡರ್ ಫಾರ್ ಬುಕ್ಸ್’, ‘ಎಂಫಸಿಸ್ ಆನ್ ಹೈಜೀನ್’ ಎಲ್ಲವೂ ಸರಿ. ನಾಮಪದದಿಂದ ಕ್ರಿಯಾಪದಕ್ಕೆ ದಾಟುವಾಗ ಆ ಬಾಲವನ್ನೂ ಹೊತ್ತು ತರುತ್ತೇವೆ. ಕ್ರಿಯಾಪದಕ್ಕೆ ಕರ್ಮವನ್ನು ನೇರವಾಗಿ ಹಿಡಿಯುವ ಶಕ್ತಿ ಇದೆ, ನಾಮಪದಕ್ಕೆ ಇಲ್ಲ. ಇಷ್ಟು ಹೇಳಿಕೊಟ್ಟರೆ ಹತ್ತನೇ ತರಗತಿಯ ಮಕ್ಕಳು ತಾವೇ ಪರೀಕ್ಷಿಸಿಕೊಳ್ಳುತ್ತಾರೆ: ನನ್ನ ವಾಕ್ಯದಲ್ಲಿರುವುದು ‘ಡಿಸ್ಕಸ್’ ಆಗಿದೆಯೋ, ‘ಡಿಸ್ಕಷನ್’ ಆಗಿದೆಯೋ? ಬಾಡಿಗೆ ಕರಾರು ಬರೆಯುವಾಗ ಬರುವ ‘ಎಂಟರ್ ಇಂಟು ಆನ್ ಅಗ್ರಿಮೆಂಟ್’ ಬೇರೆಯೇ ಅರ್ಥದ ನುಡಿಗಟ್ಟು, ಅದು ಸರಿಯೇ. ಕೋಣೆಯೊಳಗೆ ಹೋಗುವುದಕ್ಕೆ ಅದನ್ನು ತರಬಾರದು, ಅಷ್ಟೇ.

ಕರ್ಮವನ್ನು ನುಂಗುವ ಅಭ್ಯಾಸ ಮತ್ತೊಂದು. ‘ಪೆನ್ ಕೊಟ್ಟೆಯಾ?’ ಎಂದರೆ ನಾವು ‘ಕೊಟ್ಟೆ’ ಎನ್ನುತ್ತೇವೆ. ಯಾವುದನ್ನು ಎಂದು ಹೇಳುವ ಅಗತ್ಯವಿಲ್ಲ, ಹಿಂದಿನ ಮಾತಿನಲ್ಲೇ ಅದು ಇದೆ. ಇಂಗ್ಲಿಷಿನ ಸಕರ್ಮಕ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಈ ಸಲಿಗೆ ಇಲ್ಲ. ‘ಐ ಗೇವ್’ ಅಲ್ಲ, ‘ಐ ಗೇವ್ ಇಟ್’. ‘ಐ ಲೈಕ್ಡ್’ ಅಲ್ಲ, ‘ಐ ಲೈಕ್ಡ್ ಇಟ್’. ಪ್ರವಾಸದ ಪ್ರಬಂಧದ ಕೊನೆಗೆ ಬರುವ ‘ವಿ ಎಂಜಾಯ್ಡ್ ವೆರಿ ಮಚ್’ ಕೂಡ ಇದೇ ಜಾತಿ. ‘ವಿ ಎಂಜಾಯ್ಡ್ ದಿ ಟ್ರಿಪ್’ ಎನ್ನಬೇಕು, ಇಲ್ಲವೇ ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’. ಕನ್ನಡದಲ್ಲಿ ‘ಪರಿಚಯಿಸಿಕೊಳ್ಳುತ್ತೇನೆ’ ಎಂಬ ‘ಕೊಳ್ಳು’ ಮಾಡುವ ಕೆಲಸವನ್ನು ಅಲ್ಲಿ ‘ಮೈಸೆಲ್ಫ್’ ಮಾಡಬೇಕು: ‘ಲೆಟ್ ಮಿ ಇಂಟ್ರೊಡ್ಯೂಸ್ ಮೈಸೆಲ್ಫ್’. ಈಟ್, ರೀಡ್, ರೈಟ್, ಡ್ರಿಂಕ್‌ನಂಥ ಕೆಲವು ಕ್ರಿಯಾಪದಗಳು ಕರ್ಮವಿಲ್ಲದೆಯೂ ನಿಲ್ಲುತ್ತವೆ. ‘ಹ್ಯಾವ್ ಯೂ ಈಟನ್?’ ಸರಿಯಾದ ವಾಕ್ಯ.

ಈ ಪತ್ರದಲ್ಲಿ ನಮಗೆ ಅತಿ ಮುಖ್ಯವೆನಿಸುವ ಮಾತು ಈಗ ಬಂತು. ನಮ್ಮ ದಿನನಿತ್ಯದ ಕನ್ನಡದಲ್ಲಿ ಇಂಗ್ಲಿಷ್ ಕ್ರಿಯಾಪದಗಳು ‘ಮಾಡು’ ಮತ್ತು ‘ಆಗು’ ಜೊತೆ ಸೇರಿಕೊಂಡು ಓಡಾಡುತ್ತವೆ. ಬಾಗಿಲು ಓಪನ್ ಆಯ್ತು, ಬಾಗಿಲು ಓಪನ್ ಮಾಡಿದೆ. ಗಾಡಿ ಸ್ಟಾರ್ಟ್ ಆಯ್ತು, ಗಾಡಿ ಸ್ಟಾರ್ಟ್ ಮಾಡಿದೆ. ‘ಮಾಡು’ ಬಂದರೆ ಸಕರ್ಮಕ, ‘ಆಗು’ ಬಂದರೆ ಅಕರ್ಮಕ. ಕನ್ನಡ ಇಲ್ಲಿ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಯಾವ ಇಂಗ್ಲಿಷ್ ಪದ ಬಂದರೂ ಅದಕ್ಕೆ ಎರಡೂ ವೇಷ ತೊಡಿಸಿಬಿಡುತ್ತದೆ. ತೊಂದರೆಯೂ ಇಲ್ಲೇ ಹುಟ್ಟುತ್ತದೆ. ಓಪನ್, ಸ್ಟಾರ್ಟ್, ಸ್ಟಾಪ್, ಚೇಂಜ್, ಬ್ರೇಕ್, ಬಾಯ್ಲ್, ಮೆಲ್ಟ್, ಬರ್ನ್, ಇನ್‌ಕ್ರೀಸ್ ಇಂಗ್ಲಿಷಿನಲ್ಲೂ ಎರಡೂ ವೇಷದಲ್ಲಿ ಇವೆ. ‘ದಿ ಡೋರ್ ಓಪನ್ಡ್’, ‘ಐ ಓಪನ್ಡ್ ದಿ ಡೋರ್’ ಎರಡೂ ಸರಿ. ಆದರೆ ಸೆಲೆಕ್ಟ್, ಸಸ್ಪೆಂಡ್, ಅರೆಸ್ಟ್, ಅಡ್ಮಿಟ್, ಡಿಸ್ಚಾರ್ಜ್, ಕ್ಯಾನ್ಸಲ್, ಕನ್ಫರ್ಮ್, ರಿಪೇರ್, ಅಪ್ರೂವ್, ರಿಜೆಕ್ಟ್ ಹಾಗಲ್ಲ. ಈ ಅರ್ಥಗಳಲ್ಲಿ ಇವು ಸಕರ್ಮಕ ಮಾತ್ರ.

‘ಅಣ್ಣ ಕೆಲಸಕ್ಕೆ ಸೆಲೆಕ್ಟ್ ಆದ’ ಎಂಬುದನ್ನು ನೋಡಿ. ಇದು ‘ಮೈ ಬ್ರದರ್ ಸೆಲೆಕ್ಟೆಡ್ ಫಾರ್ ದಿ ಜಾಬ್’ ಎಂದಾಗುತ್ತದೆ. ಇಂಗ್ಲಿಷ್ ಓದುಗ ‘ಯಾರನ್ನು ಸೆಲೆಕ್ಟ್ ಮಾಡಿದ?’ ಎಂದು ಕರ್ಮಕ್ಕಾಗಿ ಕಾಯುತ್ತಾನೆ. ಅಣ್ಣ ಇಲ್ಲಿ ಆಯ್ಕೆಯಾದವನಲ್ಲ, ಆಯ್ಕೆ ಮಾಡಿದವನಾಗಿಬಿಟ್ಟ. ‘ವಾಸ್ ಸೆಲೆಕ್ಟೆಡ್’ ಬೇಕು. ‘ಅಧಿಕಾರಿ ಸಸ್ಪೆಂಡ್ ಆದರು’ ಎಂಬುದನ್ನು ‘ದಿ ಆಫೀಸರ್ ಸಸ್ಪೆಂಡೆಡ್’ ಎಂದು ಬರೆದರೆ ಅವರೇ ಯಾರನ್ನೋ ಅಮಾನತು ಮಾಡಿದರು ಎಂಬ ಅರ್ಥ ಇಣುಕುತ್ತದೆ. ‘ಅಜ್ಜಿ ಆಸ್ಪತ್ರೆಗೆ ಅಡ್ಮಿಟ್ ಆದರು’ ಎಂಬುದನ್ನು ‘ಶಿ ಅಡ್ಮಿಟೆಡ್’ ಎಂದರೆ ಅಜ್ಜಿ ಏನನ್ನೋ ಒಪ್ಪಿಕೊಂಡರು ಎಂದಾಗುತ್ತದೆ, ಏಕೆಂದರೆ ‘ಅಡ್ಮಿಟ್’ಗೆ ಆ ಅರ್ಥವೂ ಇದೆ. ಸಂದರ್ಶನಕ್ಕೆ ಹೋದ ನಮ್ಮ ಪದವೀಧರರು ‘ಐ ಸೆಲೆಕ್ಟೆಡ್ ಇನ್ ದಿ ಫಸ್ಟ್ ರೌಂಡ್’, ‘ಮೈ ಟ್ರೈನ್ ಕ್ಯಾನ್ಸಲ್ಡ್’ ಎಂದು ಹೇಳುವಾಗ ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಎದುರಿನವರು ತೀರ್ಮಾನಿಸಿಬಿಡುತ್ತಾರೆ. ಬಿಟ್ಟುಹೋದದ್ದು ಒಂದು ‘ವಾಸ್’ ಮಾತ್ರ. ಶಾಲೆಯಲ್ಲೇ ಸರಿಪಡಿಸಬಹುದಾಗಿದ್ದ ಸಂಗತಿಗೆ ಮಕ್ಕಳು ಕೆಲಸ ಕಳೆದುಕೊಳ್ಳಬಾರದು.

ಈ ತಪ್ಪಿಗೆ ಇಂಗ್ಲಿಷ್ ಪತ್ರಿಕೆಗಳ ಶೀರ್ಷಿಕೆಗಳೂ ಒತ್ತಾಸೆ ಕೊಡುತ್ತವೆ. ಜಾಗ ಉಳಿಸಲು ಅಲ್ಲಿ ‘ಆಫೀಸರ್ ಸಸ್ಪೆಂಡೆಡ್’, ‘ಟೂ ಅರೆಸ್ಟೆಡ್’ ಎಂದೇ ಹಾಕುತ್ತಾರೆ. ‘ಈಸ್’, ‘ಆರ್’ ಅಡಗಿರುತ್ತದೆ. ಶೀರ್ಷಿಕೆಯನ್ನು ಓದಿಸಿ ಅಡಗಿದ ಪದವನ್ನು ಮಕ್ಕಳಿಂದಲೇ ತುಂಬಿಸುವುದು ಒಳ್ಳೆಯ ಅಭ್ಯಾಸ, ಹತ್ತು ನಿಮಿಷದ ಕೆಲಸ.

ಪರಿಹಾರವಾಗಿ ಒಂದು ಸರಳ ಪರೀಕ್ಷೆ ಇದೆ. ಕನ್ನಡದಲ್ಲಿ ‘ಆಯ್ತು’, ‘ಆದ’ ಎಂದು ಬಂದಾಗ ‘ಇದು ತಾನಾಗಿಯೇ ಆಯಿತೋ, ಬೇರೆ ಯಾರಾದರೂ ಮಾಡಿದರೋ?’ ಎಂದು ಕೇಳಿಸಬೇಕು. ಐಸ್ ಕರಗಿತು, ತಾನಾಗಿಯೇ. ನೇರವಾಗಿ ‘ದಿ ಐಸ್ ಮೆಲ್ಟೆಡ್’. ರೈಲು ಕ್ಯಾನ್ಸಲ್ ಆಯ್ತು, ರೈಲ್ವೆಯವರು ಮಾಡಿದ್ದು. ಹಾಗಾಗಿ ‘ವಾಸ್ ಕ್ಯಾನ್ಸಲ್ಡ್’. ಆಯ್ಕೆ, ಬಂಧನ, ಮಂಜೂರಾತಿ, ದುರಸ್ತಿ ಇವು ಯಾರೋ ಮಾಡದೆ ಆಗುವಂಥವಲ್ಲ. ಈ ಪ್ರಶ್ನೆ ಎಲ್ಲ ಕ್ರಿಯಾಪದಗಳನ್ನೂ ಹಿಡಿಯುವುದಿಲ್ಲ, ಆದರೆ ಮಕ್ಕಳು ನಿಜವಾಗಿ ಬಳಸುವ ಪದಗಳಲ್ಲಿ ಹೆಚ್ಚಿನವನ್ನು ಹಿಡಿಯುತ್ತದೆ.

ಇದೇ ‘ಆಗು’ ವಿರುದ್ಧ ದಿಕ್ಕಿಗೂ ಎಳೆಯುತ್ತದೆ. ‘ಅಪಘಾತ ಆಗಿದೆ’ ಎಂಬುದು ‘ಆನ್ ಆಕ್ಸಿಡೆಂಟ್ ಈಸ್ ಹ್ಯಾಪನ್ಡ್’ ಆಗುತ್ತದೆ, ‘ವಾಸ್ ಅಕರ್ಡ್’ ಆಗುತ್ತದೆ. ಹ್ಯಾಪನ್, ಅಕರ್, ಡೈ, ಅರೈವ್, ಡಿಸಪಿಯರ್ ಪೂರ್ತಿ ಅಕರ್ಮಕಗಳು. ಕರ್ಮವೇ ಇಲ್ಲದ ಮೇಲೆ ಕರ್ಮಣಿ ಪ್ರಯೋಗ ಎಲ್ಲಿಂದ ಬರಬೇಕು? ‘ಹಿ ವಾಸ್ ಡೈಡ್’ ಎಂಬ ತಪ್ಪಿಗೆ ಕರ್ಮಣಿ ಪಾಠವನ್ನು ಯಾಂತ್ರಿಕವಾಗಿ ಮಾಡುವುದೂ ಒಂದು ಕಾರಣ. ‘ವಾಸ್’ ಹಾಕು, ಮೂರನೇ ರೂಪ ಹಾಕು, ‘ಬೈ’ ಹಾಕು ಎಂಬ ಸೂತ್ರವನ್ನು ಮೊದಲು ಕೊಟ್ಟು, ಯಾವ ಕ್ರಿಯಾಪದಕ್ಕೆ ಅದು ಹೊಂದುತ್ತದೆ ಎಂಬುದನ್ನು ಆಮೇಲೂ ಹೇಳುವುದಿಲ್ಲ. ಪಾಠದ ಕ್ರಮ ತಿರುಗಬೇಕು. ಮೊದಲ ಪೀರಿಯಡ್ಡಿನಲ್ಲಿ ಇಪ್ಪತ್ತು ವಾಕ್ಯ ಕೊಟ್ಟು ಕರ್ಮ ಇರುವವನ್ನೂ ಇಲ್ಲದವನ್ನೂ ಬೇರ್ಪಡಿಸುವುದು ಮಾತ್ರ, ಕರ್ಮಣಿಗೆ ತಿರುಗಿಸುವುದು ಎರಡನೆಯ ಪೀರಿಯಡ್ಡಿನಲ್ಲಿ.

ಕನ್ನಡದ ‘ಇಸು’ ಪ್ರತ್ಯಯವೂ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಕುದಿ–ಕುದಿಸು, ಏಳು–ಏಳಿಸು, ಬೀಳು–ಬೀಳಿಸು, ಕಲಿ–ಕಲಿಸು. ಅಕರ್ಮಕವನ್ನು ಸಕರ್ಮಕ ಮಾಡಲು, ಇನ್ನೊಬ್ಬರಿಂದ ಕೆಲಸ ಮಾಡಿಸಲು ನಮಗೆ ಒಂದೇ ಉಪಾಯ. ಇಂಗ್ಲಿಷ್ ಇದೇ ಕೆಲಸವನ್ನು ಹಲವು ದಾರಿಯಲ್ಲಿ ಮಾಡುತ್ತದೆ. ಕೆಲವು ಕಡೆ ಪದ ಬದಲಾಗುವುದೇ ಇಲ್ಲ: ಕುದಿಯುವುದೂ ‘ಬಾಯ್ಲ್’, ಕುದಿಸುವುದೂ ‘ಬಾಯ್ಲ್’. ಕೆಲವು ಕಡೆ ಒಳಗಿನ ಸ್ವರ ಬದಲಾಗುತ್ತದೆ: ಏಳು ‘ರೈಸ್’, ಏಳಿಸು ಅಥವಾ ಎತ್ತು ‘ರೇಜ್’, ಮಲಗು ‘ಲೈ’, ಮಲಗಿಸು ಅಥವಾ ಇಡು ‘ಲೇ’. ಈ ‘ಲೈ’ ಪದದ ಭೂತಕಾಲವೇ ‘ಲೇ’ ಆದ್ದರಿಂದ ಇಂಗ್ಲಿಷರೇ ಎಡವುತ್ತಾರೆ. ಲೈ, ಲೇ, ಲೇನ್ ಒಂದು ಸಾಲು; ಲೇ, ಲೇಡ್, ಲೇಡ್ ಇನ್ನೊಂದು ಸಾಲು. ಎರಡನ್ನೂ ಅಕ್ಕಪಕ್ಕ ಬರೆಸಿ, ಮೊದಲನೆಯದರ ಮುಂದೆ ‘ಕರ್ಮ ಇಲ್ಲ’, ಎರಡನೆಯದರ ಮುಂದೆ ‘ಕರ್ಮ ಬೇಕು’ ಎಂದು ಬರೆಸಬೇಕು. ಇನ್ನು ಕೆಲವು ಕಡೆ ಪದವೇ ಬೇರೆ: ಕಲಿ ‘ಲರ್ನ್’, ಕಲಿಸು ‘ಟೀಚ್’, ತಿನ್ನು ‘ಈಟ್’, ತಿನ್ನಿಸು ‘ಫೀಡ್’, ಬೀಳು ‘ಫಾಲ್’, ಬೀಳಿಸು ‘ಡ್ರಾಪ್’, ನೆನಪು ಮಾಡಿಕೊ ‘ರಿಮೆಂಬರ್’, ನೆನಪಿಸು ‘ರಿಮೈಂಡ್’. ‘ಐ ಫೆಲ್ ದಿ ಗ್ಲಾಸ್’, ‘ಪ್ಲೀಸ್ ರಿಮೆಂಬರ್ ಮಿ ಟುಮಾರೊ’ ಎಂಬ ವಾಕ್ಯಗಳ ಹಿಂದೆ ಇರುವುದು ಈ ಗೊಂದಲ. ಯಾವ ಪದವೂ ಇಲ್ಲದಿದ್ದಾಗ ಇಂಗ್ಲಿಷ್ ‘ಮೇಕ್’ ಅಥವಾ ‘ಗೆಟ್’ ಹಿಡಿಯುತ್ತದೆ: ಅವಳನ್ನು ಅಳಿಸಿದ ಎಂದರೆ ‘ಮೇಡ್ ಹರ್ ಕ್ರೈ’, ನಡುವೆ ‘ಟು’ ಇಲ್ಲ. ಅಂಗಿ ಹೊಲಿಸಿದೆ ಎಂದರೆ ‘ಐ ಗಾಟ್ ಎ ಶರ್ಟ್ ಸ್ಟಿಚ್ಡ್’. ಇಲ್ಲಿ ಕರ್ಮ ಮೊದಲು, ಮೂರನೇ ರೂಪ ಆಮೇಲೆ ಎಂಬ ಕ್ರಮವನ್ನು ತಪ್ಪಿಸಿದರೆ ಅರ್ಥವೇ ಬದಲಾಗುತ್ತದೆ. ‘ಐ ಸ್ಟಿಚ್ಡ್ ಎ ಶರ್ಟ್’ ಎಂದರೆ ಸೂಜಿ ಹಿಡಿದವರು ನೀವೇ.

ಎರಡು ಕರ್ಮಗಳ ಕ್ರಿಯಾಪದಗಳಿಗೆ, ಅಂದರೆ ದ್ವಿಕರ್ಮಕಗಳಿಗೆ ಬಂದರೆ, ಒಂದು ವಸ್ತು, ಒಬ್ಬ ವ್ಯಕ್ತಿ. ಕನ್ನಡದಲ್ಲಿ ವಸ್ತುವಿಗೆ ‘ಅನ್ನು’, ವ್ಯಕ್ತಿಗೆ ‘ಗೆ’. ಇಂಗ್ಲಿಷಿನಲ್ಲಿ ಮುಖ್ಯವಾಗಿ ಎರಡು ಕ್ರಮ. ವ್ಯಕ್ತಿ ಮೊದಲು ಬಂದರೆ ‘ಟು’ ಇಲ್ಲ: ‘ಗಿವ್ ಮಿ ದಿ ಬುಕ್’. ವಸ್ತು ಮೊದಲು ಬಂದರೆ ‘ಟು’ ಬೇಕು: ‘ಗಿವ್ ದಿ ಬುಕ್ ಟು ಮಿ’. ‘ಗಿವ್ ಟು ಮಿ ದಿ ಬುಕ್’ ಎಂಬುದು ಎರಡನ್ನೂ ಕಲಸಿದ್ದು. ವಸ್ತುವಿನ ಜಾಗದಲ್ಲಿ ‘ಇಟ್’ ಇದ್ದರೆ ಎರಡನೆಯ ಕ್ರಮವನ್ನೇ ಕಲಿಸುವುದು ಒಳ್ಳೆಯದು: ‘ಗಿವ್ ಇಟ್ ಟು ಮಿ’. ಗಿವ್, ಸೆಂಡ್, ಶೋ, ಟೆಲ್, ಟೀಚ್, ಲೆಂಡ್, ಪೇ, ಆಫರ್ ಇವಕ್ಕೆ ‘ಟು’. ಬೈ, ಮೇಕ್, ಕುಕ್, ಫೈಂಡ್, ಗೆಟ್ ಇವಕ್ಕೆ ‘ಫಾರ್’. ಎರಡನ್ನು ಬೇರ್ಪಡಿಸಲು ಕನ್ನಡದಲ್ಲೇ ದಾರಿ ಇದೆ. ‘ಗೋಸ್ಕರ’ ಹಾಕಿ ನೋಡಿ. ‘ತಂಗಿಗೋಸ್ಕರ ಬಳೆ ಕೊಂಡೆ’ ಸಹಜ, ಹಾಗಾಗಿ ‘ಫಾರ್’. ‘ತಂಗಿಗೋಸ್ಕರ ಬಳೆ ಕೊಟ್ಟೆ’ ಎಂದರೆ ಕೊಟ್ಟದ್ದು ತಂಗಿಗಲ್ಲ, ಅವಳ ಸಲುವಾಗಿ ಬೇರೆ ಯಾರಿಗೋ. ಹಾಗಾಗಿ ‘ಕೊಡು’ವಿಗೆ ‘ಟು’. ಪಡೆಯುವವರಿಲ್ಲದೆ ಕೊಡುವುದು ಸಾಧ್ಯವಿಲ್ಲ. ಕೊಳ್ಳುವುದು, ಅಡುಗೆ ಮಾಡುವುದು ಸಾಧ್ಯ.

ಇಲ್ಲಿ ಬಲೆ ಇರುವುದು ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಅನೌನ್ಸ್, ಇಂಟ್ರೊಡ್ಯೂಸ್, ಡೊನೇಟ್, ಸೇ ಎಂಬ ಪದಗಳಲ್ಲಿ. ಇವು ವ್ಯಕ್ತಿಯನ್ನು ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ. ‘ಎಕ್ಸ್‌ಪ್ಲೇನ್ ದಿ ಲೆಸನ್ ಟು ಮಿ’ ಎಂಬ ಒಂದೇ ಕ್ರಮ. ‘ಗೇವ್ ದಿ ಸ್ಕೂಲ್ ಎ ಕಂಪ್ಯೂಟರ್’ ಸರಿ, ‘ಡೊನೇಟೆಡ್ ದಿ ಸ್ಕೂಲ್ ಎ ಕಂಪ್ಯೂಟರ್’ ಸರಿಯಲ್ಲ. ಅರ್ಥ ಹೆಚ್ಚುಕಡಿಮೆ ಒಂದೇ ಆದರೂ ನಡೆ ಬೇರೆ ಏಕೆ? ‘ಗಿವ್’, ‘ಟೆಲ್’, ‘ಶೋ’, ‘ಸೆಂಡ್’ ಇಂಗ್ಲಿಷಿನ ಮೂಲದ ಚಿಕ್ಕ ಪದಗಳು. ‘ಎಕ್ಸ್‌ಪ್ಲೇನ್’, ‘ಡಿಸ್ಕ್ರೈಬ್’, ‘ಡೊನೇಟ್’ ಲ್ಯಾಟಿನ್ ಮೂಲದಿಂದ ಬಂದ ಉದ್ದ ಪದಗಳು. ದೊಡ್ಡ ಪದ ಕಂಡರೆ ‘ಟು’ ಇಲ್ಲದೆ ವ್ಯಕ್ತಿಯನ್ನು ಪಕ್ಕಕ್ಕೆ ಕೂರಿಸಬೇಡ ಎಂಬ ಒರಟು ಸೂಚನೆ ಬಹುಪಾಲು ಕೆಲಸ ಮಾಡುತ್ತದೆ. ‘ಆಫರ್’, ‘ಪ್ರಾಮಿಸ್’ ಅದನ್ನು ಮೀರುತ್ತವೆ, ಚಿಕ್ಕದಾದರೂ ‘ಸೇ’ ಇತ್ತ ಸೇರುತ್ತದೆ. ‘ಹಿ ಸೆಡ್ ಮಿ’ ಎಂಬುದಂತೂ ಪರೋಕ್ಷ ಕಥನದ ಉತ್ತರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೇಳುವವರನ್ನು ನೇರವಾಗಿ ಹೇಳುವುದಾದರೆ ‘ಟೋಲ್ಡ್’, ಇಲ್ಲದಿದ್ದರೆ ‘ಸೆಡ್’.

ದ್ವಿಕರ್ಮಕದ ಕರ್ಮಣಿಯಲ್ಲಿ ಎರಡು ಕರ್ಮಗಳಲ್ಲಿ ಯಾವುದಾದರೂ ಕರ್ತೃಸ್ಥಾನಕ್ಕೆ ಬರಬಹುದು. ‘ಶಿ ವಾಸ್ ಗಿವನ್ ಎ ಪ್ರೈಜ್’, ‘ಎ ಪ್ರೈಜ್ ವಾಸ್ ಗಿವನ್ ಟು ಹರ್’ ಎರಡಕ್ಕೂ ಅಂಕ ಕೊಡಬೇಕು. ಮಾದರಿ ಉತ್ತರದಲ್ಲಿ ಒಂದೇ ಇದೆ ಎಂದು ಇನ್ನೊಂದನ್ನು ಹೊಡೆದುಹಾಕುವುದು ಮಗುವಿಗೆ ಮಾಡುವ ಅನ್ಯಾಯ.

ಕರ್ಮದಂತೆ ಕಂಡು ಕರ್ಮವಲ್ಲದ್ದು ಪೂರಕ, ಅಂದರೆ ಕರ್ತೃ ಅಥವಾ ಕರ್ಮ ಏನು, ಹೇಗಿದೆ ಎಂದು ಹೇಳುವ ಪದ. ‘ಅವರು ವೈದ್ಯರು’ ಎಂಬ ವಾಕ್ಯಕ್ಕೆ ಕನ್ನಡದಲ್ಲಿ ಕ್ರಿಯಾಪದವೇ ಬೇಡ, ಇಂಗ್ಲಿಷಿನಲ್ಲಿ ‘ಈಸ್’ ಬೇಕೇ ಬೇಕು. ಆ ‘ಈಸ್’ ಪದದ ನಂತರದ ‘ಡಾಕ್ಟರ್’ ಕರ್ಮವಲ್ಲ, ಏಕೆಂದರೆ ಅವರು ಮತ್ತು ವೈದ್ಯರು ಒಬ್ಬರೇ. ‘ಶಿ ಬಿಕೇಮ್ ಎ ಟೀಚರ್’ ಎಂಬಲ್ಲಿ ಒಬ್ಬಳೇ, ‘ಶಿ ಮೆಟ್ ಎ ಟೀಚರ್’ ಎಂಬಲ್ಲಿ ಇಬ್ಬರು. ಸೀಮ್, ಲುಕ್, ಟೇಸ್ಟ್, ಸ್ಮೆಲ್, ಫೀಲ್ ಹೀಗೆ ಬೆಸೆಯುವ ಕೆಲಸ ಮಾಡುವಾಗ ನಂತರ ವಿಶೇಷಣ ಬರುತ್ತದೆ, ಕ್ರಿಯಾವಿಶೇಷಣವಲ್ಲ: ‘ದಿ ಸಾರು ಟೇಸ್ಟ್ಸ್ ಗುಡ್’. ಅದೇ ಪದ ಸಕರ್ಮಕವೂ ಆಗುತ್ತದೆ: ‘ಶಿ ಟೇಸ್ಟೆಡ್ ದಿ ಸಾರು’. ರುಚಿ ಇರುವುದು ಸಾರಿಗೆ, ರುಚಿ ನೋಡಿದ್ದು ಅವಳು.

ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಯಬೇಕಾದ ಎರಡು ವಾಕ್ಯಗಳಿವೆ: ‘ಶಿ ಮೇಡ್ ಹಿಮ್ ಎ ದೋಸೆ’ ಮತ್ತು ‘ಶಿ ಮೇಡ್ ಹಿಮ್ ಎ ಕ್ಯಾಪ್ಟನ್’. ಪದಗಳ ಸಾಲು ಒಂದೇ. ಈಗ ಕೊನೆಯ ಎರಡು ನಾಮಪದಗಳ ನಡುವೆ ‘ಈಸ್’ ಇಟ್ಟು ನೋಡಲು ಹೇಳಿ. ‘ಹಿ ಈಸ್ ಎ ಕ್ಯಾಪ್ಟನ್’ ನಿಲ್ಲುತ್ತದೆ. ‘ಹಿ ಈಸ್ ಎ ದೋಸೆ’ ಎಂದಾಗ ಇಡೀ ತರಗತಿ ನಗುತ್ತದೆ, ಯಾರೂ ಮರೆಯುವುದಿಲ್ಲ. ನಿಂತರೆ ಅದು ಕರ್ಮದ ಪೂರಕ, ನಿಲ್ಲದಿದ್ದರೆ ಎರಡು ಕರ್ಮಗಳು. ಎಲೆಕ್ಟ್, ಕಾಲ್, ನೇಮ್, ಪೇಂಟ್, ಕೀಪ್ ಪೂರಕ ಬೇಡುವ ಗುಂಪಿನವು: ‘ಪೇಂಟೆಡ್ ದಿ ಡೋರ್ ಗ್ರೀನ್’, ‘ಕೀಪ್ ದಿ ರೂಮ್ ಕ್ಲೀನ್’.

‘ನನಗೆ’ ಎಂದು ಶುರುವಾಗುವ ಕನ್ನಡ ವಾಕ್ಯಗಳ ಬಗ್ಗೆ ಒಂದು ಮಾತು. ನನಗೆ ಹಸಿವಾಗಿದೆ, ನನಗೆ ಜ್ವರ ಬಂದಿದೆ, ನನಗೆ ಈಜು ಬರುತ್ತದೆ, ನನಗೆ ಈ ಹಾಡು ಇಷ್ಟ. ಇಂಗ್ಲಿಷಿನಲ್ಲಿ ಆ ‘ನನಗೆ’ ಸಾಮಾನ್ಯವಾಗಿ ಕರ್ತೃವಾಗಿ ‘ಐ’ ಎಂದು ಮೊದಲಿಗೆ ಬರುತ್ತದೆ, ಕನ್ನಡದ ಕರ್ತೃ ಕರ್ಮವಾಗಿಯೋ ಪೂರಕವಾಗಿಯೋ ಹಿಂದಕ್ಕೆ ಸರಿಯುತ್ತದೆ: ‘ಐ ಲೈಕ್ ದಿಸ್ ಸಾಂಗ್’, ‘ಐ ಹ್ಯಾವ್ ಎ ಫೀವರ್’, ‘ಐ ಆಮ್ ಹಂಗ್ರಿ’. ‘ಫೀವರ್ ಕೇಮ್ ಟು ಮಿ’ ಎಂದು ರಜಾ ಅರ್ಜಿಯಲ್ಲಿ ಬರೆಯುವ ಮಗುವಿಗೆ ಈ ಅದಲುಬದಲನ್ನು ತೋರಿಸಿಕೊಟ್ಟರೆ ಸಾಕು.

ಇನ್ನೆರಡು ಸಣ್ಣ ವಿಷಯ. ‘ನೀನು ಬರಬೇಕೆಂದು ಬಯಸುತ್ತೇನೆ’ ಎಂಬುದು ‘ಐ ವಾಂಟ್ ದಟ್ ಯೂ ಕಮ್’ ಆಗುವುದಿಲ್ಲ, ‘ಐ ವಾಂಟ್ ಯೂ ಟು ಕಮ್’. ‘ಸ್ವಿಚ್ ಆಫ್’, ‘ಪುಟ್ ಆನ್’ ಇಂಥ ಜೋಡಿಪದಗಳಲ್ಲಿ ಕರ್ಮ ಸರ್ವನಾಮವಾಗಿದ್ದರೆ ಅದು ನಡುವೆಯೇ ಕೂರಬೇಕು: ‘ಸ್ವಿಚ್ ಇಟ್ ಆಫ್’. ‘ಸ್ವಿಚ್ ಆಫ್ ಇಟ್’ ಅಲ್ಲ.

ಕ್ರಿಯಾಪದವನ್ನು ಅದರ ವಾಕ್ಯಮಾದರಿಯ ಜೊತೆ ಕಲಿಸಬೇಕೆಂಬುದು ಹೊಸ ಮಾತೇನಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾದಾಗಲೇ ಕ್ರಿಯಾಪದಗಳಿಗೆ ಮಾದರಿಗಳ ಗುರುತು ಹಾಕಲಾಗಿತ್ತು. ಹಾರ್ನ್‌ಬಿ ಅವರ ಎಣಿಕೆಯಲ್ಲಿ ಆ ಮಾದರಿಗಳು 25. ಬ್ರಿಟಿಷ್ ಭಾಷಾವಿಜ್ಞಾನಿ ರಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರ ತಮ್ಮ ವ್ಯಾಕರಣದಲ್ಲಿ ಮೂಲ ವಾಕ್ಯರಚನೆಗಳನ್ನು ಏಳಕ್ಕೆ ಇಳಿಸಿದರು. ಪ್ರೌಢಶಾಲೆಗೆ ಏಳೇ ಹೆಚ್ಚು, ಮೇಲೆ ಹೇಳಿದ ಐದು ಸಾಕು: ಕರ್ಮವಿಲ್ಲದ್ದು, ಒಂದು ಕರ್ಮ, ಎರಡು ಕರ್ಮ, ಪೂರಕ, ಕರ್ಮ ಮತ್ತು ಪೂರಕ. ಕಲಿಯುವವರಿಗಾಗಿ ಮಾಡಿದ ಇಂದಿನ ಅನೇಕ ಇಂಗ್ಲಿಷ್ ನಿಘಂಟುಗಳಲ್ಲಿ ಕ್ರಿಯಾಪದದ ಪಕ್ಕದಲ್ಲಿ ‘ಟಿ’ ಅಥವಾ ‘ಐ’ ಎಂಬ ಅಕ್ಷರ ಇರುತ್ತದೆ, ಸಕರ್ಮಕ ಮತ್ತು ಅಕರ್ಮಕ ಎಂದು. ಎಷ್ಟೋ ಶಾಲೆಗಳ ಕಪಾಟಿನಲ್ಲಿ ಈ ನಿಘಂಟು ಇದ್ದೂ ಆ ಅಕ್ಷರವನ್ನು ಯಾರೂ ಮಕ್ಕಳಿಗೆ ತೋರಿಸಿಲ್ಲ.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು. ವಿದ್ಯಾರ್ಥಿ ಪುಟದ ಪದಪಟ್ಟಿಯಲ್ಲಿ ಒಂಟಿ ಕ್ರಿಯಾಪದ ಹಾಕುವುದನ್ನು ನಿಲ್ಲಿಸಿ, ಪ್ರತಿ ಪದದ ಮುಂದೆ ಒಂದು ಸಾಲು ಹೆಚ್ಚಿಗೆ ಕೊಡಿ. ‘ಎಕ್ಸ್‌ಪ್ಲೇನ್ ಸಂಥಿಂಗ್ ಟು ಸಂಬಡಿ: ಯಾರಿಗಾದರೂ ಏನನ್ನಾದರೂ ವಿವರಿಸು.’ ‘ರೀಚ್ ಎ ಪ್ಲೇಸ್: ಒಂದು ಊರಿಗೆ ತಲುಪು, ಟು ಬೇಡ.’ ‘ವೇಟ್ ಫಾರ್ ಸಂಬಡಿ: ಯಾರನ್ನಾದರೂ ಕಾಯಿ.’ ‘ಬಿ ಸೆಲೆಕ್ಟೆಡ್: ಆಯ್ಕೆಯಾಗು, ಸೆಲೆಕ್ಟ್ ಸಂಬಡಿ: ಯಾರನ್ನಾದರೂ ಆಯ್ಕೆ ಮಾಡು.’ ಇದಕ್ಕಾಗಿ ಪಟ್ಟಿಯ ಪದಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬೇಕಾಗಿ ಬಂದರೂ ಚಿಂತೆಯಿಲ್ಲ. ಪಠ್ಯಪುಸ್ತಕದ ಪಾಠಗಳ ಕೊನೆಗೆ ಕೊಡುವ ಪದಾರ್ಥಗಳಲ್ಲೂ ಇದೇ ರೀತಿ ಬರಲಿ ಎಂದು ಪಠ್ಯ ರಚಿಸುವವರನ್ನೂ ಈ ಮೂಲಕ ಕೇಳಿಕೊಳ್ಳುತ್ತೇವೆ. ಪಟ್ಟಿ ತಯಾರಿಸುವವರಿಗೆ ಮೇಲಿನ ಐದು ಗುಂಪುಗಳಿಗೆ ಸೇರುವ ಕ್ರಿಯಾಪದಗಳನ್ನು ಕನ್ನಡ ಅರ್ಥ ಮತ್ತು ಒಂದೊಂದು ಉದಾಹರಣೆಯೊಂದಿಗೆ ಬರೆದುಕೊಡಲು ನಮ್ಮಂಥ ಶಿಕ್ಷಕರು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿಗಳು,
ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರು, ಧಾರವಾಡ